ಎರಡಕ್ಕೊಂದು ಮರ

ಕಾಲ ಕೆಳಗಿನ ನೆಲ ಮೆಲ್ಲಗೆ ಮೇಲೆದ್ದು ಮತ್ತೆ ಕುಸಿದಾಗ ಇಂಗೆಲಾ ತನಗೆ ತಲೆ ಸುತ್ತಿತೆಂದುಕೊಂಡಳು. ಇನ್ನೊಮ್ಮೆ ಎದ್ದಾಗ ಪಕ್ಕದ ಸೂಜಿಯೆಲೆಯ ಸ್ಪ್ರೂಸ್ ಮರದತ್ತ ನೋಡಿದಳು. ಗಾಳಿಗೆ ಅದರ ತುದಿ ವಾಲಿದಂತೆಲ್ಲ ಬೇರುಗಳು ಪಾಚಿ ಸಮೇತ ನೆಲವನ್ನೇ ಎತ್ತುತ್ತಿದ್ದವು.

ಅವಳ ತಮ್ಮ ರೂನೆ ಅದನ್ನು ಗಮನಿಸದೆ ಇನ್ನೊಂದು ಮರಕ್ಕೆ ಟೇಪು ಸುತ್ತುತ್ತಿದ್ದ. ಸ್ಮೋಲಂಡ್ ಸೀಮೆಯ ಈ ತೋಪು ಅಪ್ಪ ನೆಟ್ಟದ್ದು. ನಲವತ್ತು ವರ್ಷ ಯಾರೂ ಕೊಡಲಿ ಮುಟ್ಟಿಸದೆ ಮರಗಳು ಒತ್ತೊತ್ತಾಗಿ, ಗಳುವಿನಂತೆ ಸಪೂರವಾಗಿ ಎತ್ತರಕ್ಕೆ ಹೋಗಿದ್ದವು. ಎರಡು ವರ್ಷದ ಹಿಂದೆ ರೂನೆ ತೋಪಿನ ಪಡುವಣದ ಅರ್ಧದಲ್ಲಿ ಎರಡಕ್ಕೊಂದು ಮರ ಕಡಿಸಿದ. ತಡವಾಗಿದೆ, ಈಗ ಸ್ವಲ್ಪ ಸ್ವಲ್ಪವೇ ತೆಗೆಯಿರಿ, ಒಮ್ಮೆಲೇ ತೆಗೆದರೆ ಉಳಿದವು ಗಾಳಿಗೆ ನಿಲ್ಲವು ಎಂದು ಅರಣ್ಯದವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಕು ಸಿಕ್ಕಿ ಉಳಿದ ಮರಗಳು ದಪ್ಪಗಾಗಿದ್ದೂ ನಿಜ. ಬೆಳಗಿನಿಂದ ಅಳೆದು ಅಳೆದು ಅವನು ಹಿಗ್ಗಿಹೋಗಿದ್ದ.

"ರೂನೆ, ಟೇಪು ಬಿಡು. ನಡಿ."

"ಇನ್ನೆರಡೇ ಮರ ಅಕ್ಕ. ನಿಂಗೆ ಮೊದಲಿಂದ್ಲೂ ಗಾಳಿ ಅಂದ್ರೆ ಪುಕ್ಕಲು."

ಅಷ್ಟರಲ್ಲಿ ಪಡುವಣದ ಅಂಚಿನಲ್ಲಿ ಲಟಲಟ ಸದ್ದು. ಒಂದು ಮರ ಬೇರು ಕಿತ್ತುಕೊಂಡು ಮುಂದಿನದರ ಮೇಲೆ ಬಿತ್ತು, ಅದು ಅದರ ಮುಂದಿನದರ ಮೇಲೆ. ಕಾರು ನಿಲ್ಲಿಸಿದ್ದು ಆ ಕಡೆಯ ಕೆರೆಯ ದಂಡೆಯಲ್ಲೇ. ಅತ್ತಲೇ ಓಡಹೊರಟ ರೂನೆಯ ಕೊರಳಪಟ್ಟಿ ಹಿಡಿದು ಇಂಗೆಲಾ ಕಡಿಯದೆ ಬಿಟ್ಟ ಅರ್ಧದೊಳಕ್ಕೆ ಎಳೆದಳು.

ಅಲ್ಲಿ ಹಗಲಲ್ಲೂ ಕತ್ತಲೆ. ಒಣಗಿದ ಕೆಳಗೊಂಬೆಗಳು ಮುಖ ಪರಚಿದವು. ಮರಗಳು ಒಂದಕ್ಕೊಂದು ಆತುಕೊಂಡು, ಉಜ್ಜಿಕೊಂಡು ನರಳಿದವೇ ಹೊರತು ಒಂದೂ ಬೀಳಲಿಲ್ಲ. ಬೆನ್ನ ಹಿಂದೆ ಬೀಳುತ್ತಿದ್ದ ಮರಗಳನ್ನು ರೂನೆ ಸದ್ದಿನ ಮೇಲೆಯೇ ಎಣಿಸುತ್ತಿದ್ದ. ಆಮೇಲೆ ಎಣಿಸುವುದನ್ನು ಬಿಟ್ಟ.

ಗಾಳಿ ತುಸು ಇಳಿಯಿತು. ಇಲ್ಲೇ ಕೂತುಬಿಡೋಣ, ಇವು ಗಟ್ಟಿಯಾಗಿವೆ ಎಂದು ರೂನೆ ಬೇಡಿಕೊಂಡ.

"ಇವು ಇವತ್ತಿನ ತನಕ ಗಾಳಿ ಕಂಡೇ ಇಲ್ಲ ಕಣೋ. ತಡೀತಿದ್ದಿದ್ದು ಈಗ ಬಿದ್ವಲ್ಲ, ಆ ಮರಗಳು."

ಕೈ ಹಿಡಿದೇ ಪೂರ್ವದ ಅಂಚಿಗೆ ಓಡಿದರು. ಹುಲ್ಲುಗಾವಲಿನ ಕಲ್ಲುಗೋಡೆ ಹಾರಿ ಅದರ ಬುಡಕ್ಕೆ ಅವುಚಿಕೊಂಡು ಮಲಗುವಷ್ಟರಲ್ಲಿ ಗಾಳಿ ಮತ್ತೆ ಬಂತು. ಈ ಸಲ ಸದ್ದು ಬಿಡಿಬಿಡಿಯಾಗಿರಲಿಲ್ಲ. ಒಂದೇ ಉಸಿರಿಗೆ ಮುಗಿಯಿತು.

ರೂನೆ ಕಣ್ಣು ತೆರೆಯಲಿಲ್ಲ. "ನಿಂತಿವೆಯಾ ಅಕ್ಕ?"

ಇಂಗೆಲಾ ಗೋಡೆಯ ಮೇಲಿಂದ ತಲೆಯೆತ್ತಿ ಬಹಳ ಹೊತ್ತು ನೋಡಿದಳು.

"ಆಚೆ ಕಡೆಯ ಕೆರೆ ಕಾಣ್ತಿದೆ ಕಣೋ," ಎಂದಳು.