ಕಟಕಟೆಯ ಮಹಿಷಾಸುರ

“ಕುಣಿಯಲಿ,” ಎಂದರು ನ್ಯಾಯಾಧೀಶರು. ಕಾಸರಗೋಡಿನ ಆ ಕೋರ್ಟಿನಲ್ಲಿ ಆರೋಪಿಯೊಬ್ಬನಿಗೆ ಇಂಥ ಅನುಮತಿ ಸಿಕ್ಕಿದ್ದು ಅದೇ ಮೊದಲು.

ಆರೋಪಿ ಪ್ರವೀತ್. ಶಿರಿಯದಲ್ಲಿ ನೆರೆಮನೆಯ ಪುರಂದರನ ಮೀನಿನ ದೋಣಿಗೆ ಬೆಂಕಿ ಇಟ್ಟನೆಂದು ಕೇಸು. ಮೂಲ ಕಾರಣ, ಮನೆಗೆ ಹೋಗುವ ದಾರಿಯ ಜಗಳ. ಶಿಕ್ಷೆಯಾದರೆ ಜೈಲು, ರಜೆಯಲ್ಲಿ ಬಂದವನು ದುಬೈಯ ಕೆಲಸಕ್ಕೂ ಎಳ್ಳುನೀರು ಬಿಡಬೇಕು. ಉರಿಯುವ ದೋಣಿಯ ಬೆಳಕಿನಲ್ಲಿ ಅವನನ್ನೇ ಕಂಡೆನೆಂದು ಪುರಂದರ ಪ್ರಮಾಣ ಮಾಡಿ ಹೇಳಿದ್ದ.

ಆದರೆ ಅದೇ ಹೊತ್ತಿಗೆ ಪ್ರವೀತ್ ದೂರದ ಅಡೂರಿನಲ್ಲಿ, ಹವ್ಯಾಸಿಗಳ ಯಕ್ಷಗಾನದಲ್ಲಿ, ಮೊದಲ ಬಾರಿಗೆ ಮಹಿಷಾಸುರನಾಗಿ ಕುಣಿಯುತ್ತಿದ್ದನಂತೆ. ಕರಪತ್ರದಲ್ಲಿ ಹೆಸರಿತ್ತು. ಕರಪತ್ರದಲ್ಲಿ ಅಚ್ಚಾದ ಮೇಲೆ ಸುಳ್ಳಾಗುವುದುಂಟೇ?

ದೇಶದಿಂದ ಜ್ಯೂರಿ ಪದ್ಧತಿ ಹೋಗಿ ಎಷ್ಟೋ ಕಾಲವಾಗಿದೆ. ಪ್ರವೀತನ ವಕೀಲ ಶಿವಸುಬ್ರಹ್ಮಣ್ಯರಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ತಾಳಮದ್ದಳೆಯಲ್ಲಿ ಮಾತಿನ ಮಲ್ಲನೆಂದು ಹೆಸರಾದ ಅವರು ನ್ಯಾಯಾಧೀಶರಿಗೆ ಅರ್ಧ ಬೆನ್ನು ಹಾಕಿ, ಹಿಂದಿನ ಬೆಂಚುಗಳಲ್ಲಿ ಕೂತ ಜನರಿಗೇ ವಾದ ಒಪ್ಪಿಸುತ್ತಿದ್ದರು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಚಪ್ಪಾಳೆಗೆ ಜಾಗ ಬಿಡಬೇಕು, ಎಲ್ಲ ಗೊತ್ತು. ಕಾನೂನು ಒಂದು ಸ್ವಲ್ಪ ಹಿಂದೆ.

ಮೊದಲು ಸಾಕ್ಷಿಗೆ ಬಂದವರು ಅಂದು ಹಾಡಿದ್ದ ಭಾಗವತ ಲೋಕಯ್ಯ.

“ಇವನು ಮನೆಯಲ್ಲೇ ಬಣ್ಣ ಹಚ್ಚಿ ಬಂದಿದ್ದ. ಗಂಟಲು ಕಟ್ಟಿದೆ ಅಂತ ಕೈಸನ್ನೆ ಮಾಡಿದ. ನಾನು ಮಾತು ಬಿಟ್ಟು ಬರೀ ಕುಣಿಸಿದೆ.”

“ಮುಖ ನೋಡಿದ್ದೀರಾ?” ಸರ್ಕಾರಿ ವಕೀಲರು ಕೇಳಿದರು.

“ಮಹಿಷಾಸುರನ ಮುಖವಾ? ನೋಡಿದ್ದೇನೆ.”

“ಬಣ್ಣದ ಒಳಗೆ ಇದ್ದದ್ದು ಇವನೇ ಅಂತ ಎಂತ ಗ್ಯಾರಂಟಿ?”

“ಎಂತ ಮಾರಾಯ್ರೆ, ಅಷ್ಟು ಚಂದ ಕುಣಿಯುವ ಗಂಡಸು ಈ ಕಡೆ ಬೇರೆ ಯಾರುಂಟು?”

ಶಿವಸುಬ್ರಹ್ಮಣ್ಯರು ಕಾದಿದ್ದೇ ಇದಕ್ಕೆ. ಅಡೂರಿನ ವಿಡಿಯೊ ಹಾಕಿಸಿದರು. ಅದರ ಚೆಂಡೆಗೇ ತಮ್ಮ ಕಕ್ಷಿದಾರ ಇಲ್ಲಿ ಕುಣಿದು ತೋರಿಸಲಿ ಎಂದರು.

ಪ್ರವೀತ್ ಕುಣಿದ. ಜಾಮೀನು ಸಿಕ್ಕಿದಂದಿನಿಂದ ಮನೆಯ ಹೊರಗೆ ಅವನ ತಲೆ ಕಂಡವರಿಲ್ಲ. ಪಾಪ, ಮಾನಕ್ಕೆ ಅಂಜಿದ್ದಾನೆ ಎಂದುಕೊಂಡಿತ್ತು ಊರು. ಅಂಜಿಕೆಯೆಲ್ಲ ಈಗ ಹಾರಿಹೋಯಿತು. ಪರದೆಯ ಮಹಿಷ ಗಿರಕಿ ಹೊಡೆದಲ್ಲೆಲ್ಲ ಪ್ಯಾಂಟು ತೊಟ್ಟ ಮಹಿಷನೂ ಹೊಡೆದ. ವಿಡಿಯೊದಲ್ಲಿ ಒಂದು ಕಡೆ ವೇಷದ ಎಡಗಾಲು ಜಾರಿತ್ತು. ಇಲ್ಲಿಯೂ ಚೆಂಡೆಯ ಅದೇ ಪೆಟ್ಟಿಗೆ ಅದೇ ಕಾಲು ಜಾರಿತು.

“ನೋಡಿ!” ವಕೀಲರು ಬೆಂಚುಗಳತ್ತ ತಿರುಗಿ ಗುಡುಗಿದರು. “ನಕಲು ಮಾಡುವವನು ತಪ್ಪನ್ನೂ ನಕಲು ಮಾಡುತ್ತಾನೆಯೇ?”

ಚಪ್ಪಾಳೆ ಬಿತ್ತು. ಪೇದೆ ಸುಮ್ಮನಿರಿಸಬೇಕಿತ್ತು, ಅವನೂ ತಟ್ಟುತ್ತಿದ್ದ.

ಮೊದಲ ಬೆಂಚಿನಲ್ಲಿ ಪ್ರವೀತನ ಹೆಂಡತಿ ನಮಿತಾ ಇದ್ದಳು. ನೆಕ್ರಾಜೆಯ ನಾಟ್ಯಗುರುವೊಬ್ಬರ ಮಗಳು. ಗಂಡ ಒಂದೊಂದು ಹೆಜ್ಜೆ ಇಟ್ಟಾಗಲೂ ಅವಳ ತುಟಿ ಅಲುಗುತ್ತಿತ್ತು. ದೇವರನ್ನು ಬೇಡುತ್ತಿದ್ದಾಳೆ ಎಂದು ಪಕ್ಕದಲ್ಲಿದ್ದ ಪಂಕಜಾಕ್ಷಿ ಕಣ್ಣೊರೆಸಿಕೊಂಡಳು. ಇಂಥ ಹೆಂಡತಿ ಇರುವವನು ಅಪರಾಧಿಯಾಗಿರಲು ಸಾಧ್ಯವೇ ಇಲ್ಲ ಎಂದು ಬೆಂಚುಗಳು ಒಮ್ಮತದಿಂದ ತೀರ್ಮಾನಿಸಿದವು. ನ್ಯಾಯಾಧೀಶರು ಕೆಲವು ದಿನ ತಡವಾಗಿ ಅದೇ ತೀರ್ಮಾನಕ್ಕೆ ಬಂದರು.

ಬಿಡುಗಡೆಯ ದಿನ ಕೋರ್ಟಿನ ಅಂಗಳದಲ್ಲಿ ಶಿವಸುಬ್ರಹ್ಮಣ್ಯರು ಯಾರೂ ಕೇಳದಿದ್ದರೂ ತಮ್ಮ ವಾದವನ್ನು ಇನ್ನೊಮ್ಮೆ ಒಪ್ಪಿಸುತ್ತಿದ್ದರು. ಅಡೂರಿನ ಯಕ್ಷಗಾನದ ಸಂಘಟಕ ವಿಘ್ನೇಶ ಓಡಿ ಬಂದು ಪ್ರವೀತನನ್ನು ತಬ್ಬಿಕೊಂಡ.

“ಬರುವ ತಿಂಗಳು ಮತ್ತೆ ಆಟ ಉಂಟು. ಮಹಿಷಾಸುರ ನೀನೇ ಮಾರಾಯ!”

ಪ್ರವೀತನ ಮುಖ ಬಿಳಿಚಿತು. ಪುರಂದರ ಗೇಟಿನ ಹತ್ತಿರ ನಿಂತು ಕೂಗಿದ: “ದೋಣಿ ಹೊಸದು ತಂದಾಯ್ತು. ದಾರಿ ಮಾತ್ರ ನಾನು ಬಿಡುದಿಲ್ಲ, ನೆನಪಿಟ್ಕೋ!”

ನಮಿತಾ ಗಂಡನ ಅಂಗಿಯ ಕಾಲರು ಸರಿಪಡಿಸುತ್ತಾ ಕಿವಿಯಲ್ಲಿ ಮೆಲ್ಲನೆ ಹೇಳಿದಳು: “ಒಪ್ಪಿಕೊಳ್ಳಿ. ಈ ಸಲ ವೇಷಕ್ಕೆ ನೀವೇ ಹೋಗಿ, ಬೆಂಕಿ ಇಡ್ಲಿಕ್ಕೆ ನಾನು ಹೋಗ್ತೇನೆ.”