ಕೆಂಪು ಬಲ್ಬು ಉರಿಯದ ಶನಿವಾರ

ಅಂಗಡಿಯ ದೋನ್ ಅಬುಂದಿಯೊ ತಕ್ಕಡಿಗೆ ಹಂದಿಕೊಬ್ಬು ಹಾಕುವ ಮೊದಲೇ ಬೆಲೆ ಹೇಳಿಬಿಟ್ಟ. ದೋನ್ಯಾ ಚೋನ ಮುಂದಕ್ಕೆ ಚಾಚಿದ್ದ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಹೋದ ವಾರವೂ ಏರಿಸಿದ್ದೆಯಲ್ಲಪ್ಪ?"

"ನಾನೆಲ್ಲಿ ಏರಿಸ್ದೆ ದೋನ್ಯಾ? ಬರೋದು ಉತ್ತರದಿಂದ, ಹಡಗಲ್ಲಿ. ಅಲ್ಲಿ ಈಗ ಕೊಬ್ಬನ್ನ ಡೀಸೆಲ್ ಮಾಡಿ ಲಾರಿಗೆ ಕುಡಿಸ್ತಾರಂತೆ. ಲಾರಿ ಬಾಯಿಗೆ ಬಿದ್ದ ಮೇಲೆ ಗ್ವಾಟೆಮಾಲಾದಂಥ ಪುಟ್ಟ ದೇಶಾನ ಕೇಳೋರ್ಯಾರು? ಈ ತಾಳೆಯೆಣ್ಣೆ ವನಸ್ಪತಿ ತಗೊಂಡೋಗಿ. ಅರ್ಧಕ್ಕರ್ಧ ಅಗ್ಗ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗತ್ತಲ್ಲ. ನಾಲಗೆಗೆ ಮೇಣ ಬಳಿದ ಹಾಗಿರತ್ತೆ ಅದು."

"ಹಂಗಾದ್ರೆ ನಿಮ್ಮ ತಮಾಲೆ ಕಡುಬಿಗೆ ಬೆಲೆ ಏರಿಸಿ."

"ಇಟ್ಟಿಗೆ ಹೊರೋ ಹುಡುಗ್ರು ತಿನ್ನೋದು ಅದನ್ನ. ಅವರ ಕೂಲಿ ಏರಿಸಿದ್ದಾರಾ ಯಾರಾದ್ರೂ?" ಎಂದು ಅವಳು ಖಾಲಿ ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಬಿಟ್ಟಳು.

ಮನೆಯಲ್ಲಿ ಎಲ್ಲವೂ ಅಣಿಯಾಗಿ ಕಾಯುತ್ತಿತ್ತು: ರುಬ್ಬಿದ ಮೆಕ್ಕೆಜೋಳದ ಹಿಟ್ಟು, ಟೊಮ್ಯಾಟೊ ಮೆಣಸಿನ ಗೊಜ್ಜು, ತೊಳೆದು ಬಾಡಿಸಿದ ಬಾಳೆಎಲೆ. ಕೊಬ್ಬೊಂದೇ ಇಲ್ಲ. ಹಿತ್ತಲಿನ ಮೂಲೆಯಲ್ಲಿ ಅವ್ವನ ಕಬ್ಬಿಣದ ಕೊಪ್ಪರಿಗೆ ಜೆರೇನಿಯಂ ಹೂ ಹೊತ್ತು ಕೂತಿತ್ತು. ಚೋನ ಹುಡುಗಿಯಾಗಿದ್ದಾಗ ಈ ಬೀದಿಯ ಮನೆಮನೆಯಲ್ಲೂ ಒಂದು ಹಂದಿ. ಅವ್ವ ಆ ಕೊಪ್ಪರಿಗೆಯಲ್ಲಿ ಕೊಬ್ಬು ಕಾಯಿಸಿದರೆ ಅದರ ಘಮ ಇಗರ್ಜಿಯ ಮೆಟ್ಟಿಲವರೆಗೆ ಹೋಗುತ್ತಿತ್ತು. ಹಿಟ್ಟಿಗೆ ಕೊಬ್ಬು ಬೆರೆಸಿ ಬಡಿಯುವಾಗ ಅವ್ವ ಮಾತೆ ಮರಿಯಳ ನಾಮಾವಳಿ ಹೇಳುವಳು. ಒಂದು ನಾಮಕ್ಕೆ ಒಂದು ಏಟು. ಸುತ್ತ ಕೂತ ಮಕ್ಕಳು "ನಮಗಾಗಿ ಪ್ರಾರ್ಥಿಸು" ಎಂದು ರಾಗ ಎಳೆಯಬೇಕು. ನಾಮಾವಳಿ ಮುಗಿಯುವ ಹೊತ್ತಿಗೆ ಚಿಟಿಕೆ ಹಿಟ್ಟನ್ನು ನೀರಿಗೆ ಹಾಕಿದರೆ ಹೂವಿನಂತೆ ತೇಲುತ್ತಿತ್ತು. ಆಮೇಲೆ ಹಡಗಿನಿಂದ ಕೊಬ್ಬಿನ ಬಿಳಿ ಬಕೆಟ್ಟುಗಳು ಬಂದವು. ಎಷ್ಟು ಅಗ್ಗವೆಂದರೆ, ಹಂದಿ ಸಾಕುವುದೇ ದಡ್ಡತನವೆನ್ನಿಸಿತು. ಬೀದಿಯ ಹಂದಿಗಳೆಲ್ಲ ಮಾರಿಹೋದವು. ಅವ್ವ ಕೊಪ್ಪರಿಗೆಗೆ ಮಣ್ಣು ತುಂಬಿದಳು. ಈಗ ಹಂದಿಯೂ ಇಲ್ಲ, ಆ ಅಗ್ಗವೂ ಇಲ್ಲ.

ಸಂಜೆಯ ಪ್ರಾರ್ಥನೆಯ ಗಂಟೆ ಬಾರಿಸಿತು. ಶನಿವಾರದ ಈ ಹೊತ್ತಿಗೆ ಅವಳ ಬಾಗಿಲ ಮೇಲೆ ಕೆಂಪು ಬಲ್ಬು ಹತ್ತಬೇಕು. ತಮಾಲೆ ಬೆಂದಿದೆ, ಬನ್ನಿ ಎಂದು ಅದರರ್ಥ. ಗಂಡ ತೀರಿಕೊಂಡ ಶನಿವಾರವೂ ಅದು ಉರಿದಿತ್ತು. ಹೆಣದ ಜೊತೆ ರಾತ್ರಿ ಎಚ್ಚರವಿರಲು ಬಂದವರಿಗೆ ತಮಾಲೆ ಬಡಿಸದೆ ಕಳಿಸುವುದುಂಟೇ? ಇವತ್ತು ಅವಳ ಕೈ ಸ್ವಿಚ್ಚಿನವರೆಗೆ ಹೋಗಿ ಹಿಂದಕ್ಕೆ ಬಂತು. ಹಿಂದಿನ ಅಡಿಗೆಮನೆಯ ಕತ್ತಲಲ್ಲಿ ಜಪಮಾಲೆ ಹಿಡಿದು ಕೂತಳು. ಮಣಿ ಸರಿಯುತ್ತಿತ್ತು, ಮನಸ್ಸು ಸರಿಯಲೊಲ್ಲದು. ಈ ಶನಿವಾರ ಹೋಯಿತು. ಮುಂದಿನ ಶನಿವಾರ? ಬಲ್ಬು ಆರಿದ ಮನೆ ಆರಿದ ಹಾಗೆಯೇ ಅಲ್ಲವೇ?

ಬೀದಿಯ ಕಡೆಯಿಂದ ಸಣ್ಣಗೆ ರಾಗ ಕೇಳಿಸಿತು. "ಸ್ವರ್ಗದ ಬಾಗಿಲೇ..." "ಅವಳಿಗಾಗಿ ಪ್ರಾರ್ಥಿಸು."

'ನಮಗಾಗಿ' ಅಲ್ಲ, 'ಅವಳಿಗಾಗಿ'. ಯಾರಾದರೂ ಹೆಂಗಸು ಸತ್ತರೆ ಮಾತ್ರ ಹಾಗೆ ಅನ್ನುವುದು. ಪಾಪ, ಯಾವ ತಾಯಿಯೋ ಎಂದು ಮರುಗಿ, ತಾನೂ "ಅವಳಿಗಾಗಿ ಪ್ರಾರ್ಥಿಸು" ಎಂದು ದನಿಗೂಡಿಸುತ್ತ ಚೋನ ಹೋಗಿ ಬಾಗಿಲು ತೆರೆದಳು.

ಹೊಸ್ತಿಲಾಚೆ ಅರ್ಧ ಬೀದಿ ಮೊಂಬತ್ತಿ ಹಿಡಿದು ನಿಂತಿತ್ತು. ಮುಂದಿದ್ದ ಎದುರುಮನೆಯ ಒಡಿಲಿಯಾ ಕಿಟಾರನೆ ಕಿರುಚಿ ಶಿಲುಬೆ ಗುರುತು ಹಾಕಿಕೊಂಡಳು.

"ಯಾರೇ ಹೋದದ್ದು?" ಎಂದಳು ಚೋನ.

"ನೀವೇ ದೋನ್ಯಾ!"

"ನಾನಾ? ನಂಗೊಂದು ಮಾತು ಹೇಳ್ಬಾರ್ದಿತ್ತಾ!"

"ಶನಿವಾರ ಬಲ್ಬು ಹತ್ತಿರಲಿಲ್ಲ... ಬಾಗಿಲು ತಟ್ಟೋಕೆ ಯಾರಿಗೂ ಧೈರ್ಯ ಬರ್ಲಿಲ್ಲ."

ನಗೆ ಶುರುವಾಯಿತು. ಅವಳ ಕಣ್ಣು ಮಾತ್ರ ಹಿಂದೆ ಅಡಗಿ ನಿಂತವನ ಮೇಲೆ ಬಿತ್ತು. "ಅದೇನಪ್ಪ ಅಬುಂದಿಯೊ, ಕೂಸಿನ ಹಂಗೆ ತಬ್ಕೊಂಡಿದ್ದೀಯ?"

"ಕೊಬ್ಬಿನ ಬಕೆಟ್ಟು ದೋನ್ಯಾ. ನಿಮ್ಮ ಸಾವಿನ ತಮಾಲೆಗೆ ಅಂತ."

"ಬೆಲೆ ಎಷ್ಟಪ್ಪ?"

"ಸತ್ತ ಮನೆಗೆ ಯಾರಾದ್ರೂ ಬೆಲೆ ಹೇಳ್ತಾರಾ?"

"ಹಂಗಾದ್ರೆ ಇನ್ಮೇಲೆ ಶನಿವಾರ ಶನಿವಾರ ಸಾಯ್ತೀನಿ ಬಿಡು."

ಬೀದಿಯೆಲ್ಲ ಗೊಳ್ಳೆಂದಿತು. ಚೋನ ನಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೇಳಿದಳು: "ಬ್ರೆಡ್ಡು ತಂದಿದ್ದೀರಿ, ಕಾಫಿಪುಡಿ ತಂದಿದ್ದೀರಿ, ಕೊಬ್ಬೂ ಬಂತು. ನಾನು ಸತ್ತು ಮಲಗಿದ್ರೆ, ತಮಾಲೆ ಮಾಡೋರು ಯಾರು ಅಂದ್ಕೊಂಡಿದ್ರಿ?"

ಒಡಿಲಿಯಾ ಅಬುಂದಿಯೊನನ್ನು ನೋಡಿದಳು. ಅಬುಂದಿಯೊ ಬಕೆಟ್ಟಿನ ಮುಚ್ಚಳ ನೋಡಿದ. ಯಾರದೋ ಮೊಂಬತ್ತಿ ಟಪ್ಪೆಂದು ಹೊಸ್ತಿಲ ಮೇಲೆ ಹನಿಯಿತು.

ಚೋನ ಒಡಿಲಿಯಾಳ ಮಣಿಕಟ್ಟು ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು, ಅವಳ ತೋಳು ಮಡಚಿದಳು, ಹಿಟ್ಟಿಗೆ ಕೊಬ್ಬು ಸುರಿದು ಅದರೊಳಗೆ ಅವಳ ಕೈ ಅದ್ದಿದಳು. ಬೀದಿಯೆಲ್ಲ ಅಡಿಗೆಮನೆಯ ಬಾಗಿಲಲ್ಲಿ ಬಂದು ತುಂಬಿಕೊಂಡಿತು.

"ಒಂದು ನಾಮಕ್ಕೆ ಒಂದು ಏಟು," ಎಂದು ಹೇಳಿ, ಹೊರಗೆ ನಿಂತುಹೋಗಿದ್ದ ಕಡೆಯಿಂದಲೇ ರಾಗ ಎತ್ತಿಕೊಂಡಳು: "ಮುಂಜಾವಿನ ತಾರೆಯೇ..."

"ಅವಳಿಗಾಗಿ ಪ್ರಾರ್ಥಿಸು," ಎಂದಿತು ಬಾಗಿಲು, ಬಾಯಿಗೆ ಬಂದ ರೂಢಿಯಲ್ಲಿ.

"ಅಲ್ಲ," ಎಂದಳು ದೋನ್ಯಾ ಚೋನ. "ಈಗ ನಮಗಾಗಿ ಅನ್ನಿ."