ಮುಷ್ಟಿಯೊಳಗಿನ ಕಪ್ಪೆ

ಗಾಜಿನ ಪೆಟ್ಟಿಗೆಯ ಮುಚ್ಚಳ ನಾಲ್ಕು ಬೆರಳಿನಷ್ಟು ತೆರೆದಿತ್ತು; ಅಷ್ಟೇ ಸಾಕಾಯಿತು. ನಿಂಬೆಹಣ್ಣಿನಂತೆ ಹೊಳೆಯುತ್ತಿದ್ದ ಕಪ್ಪೆ ಚಂಗನೆ ಹೊರಗೆ ನೆಗೆದು, ಮೃಗಾಲಯದ ಟಿಕೆಟ್ ಕೌಂಟರಿನ ಹುಡುಗಿಯ ಭುಜದ ಮೇಲೆ ಕುಳಿತುಬಿಟ್ಟಿತು. ಅವಳು ಉಸಿರೆತ್ತುವ ಮೊದಲೇ ಅವಳ ತಂದೆ ಕೈಬೀಸಿ ಅದನ್ನು ಬಾಚಿ ಹಿಡಿದರು, ಮುಷ್ಟಿ ಬಿಗಿದರು. ಅದೂ ಬರಿಗೈಯಲ್ಲಿ!

"ದೂರ ಹೋಗು ಮಗಳೇ! ನಂದು ಮುಗೀತು. ಅಮ್ಮನ್ನ ಚೆನ್ನಾಗಿ ನೋಡ್ಕೋ."

ಕಪ್ಪೆಮನೆಯ ಪ್ರಾಣಿಪಾಲಕ ಕೈಗವಸು ತೊಟ್ಟ ಎರಡೂ ಕೈಗಳನ್ನು ಗಾಳಿಯಲ್ಲೇ ಬಿಟ್ಟು ಕಲ್ಲಾಗಿ ನಿಂತ. ಮುಚ್ಚಳ ತೆರೆದವನು ಅವನೇ. ಐದು ನಿಮಿಷದ ಹಿಂದಷ್ಟೇ ಅವನು ಈ ಹಿರಿಯರ ಮುಂದೆ ಎದೆಯುಬ್ಬಿಸಿ ವಿವರಿಸಿದ್ದ: ಇಂಥ ಒಂದೇ ಕಪ್ಪೆಯ ಚರ್ಮದಲ್ಲಿರುವ ವಿಷ ಹತ್ತು ಜನರಿಗೆ ಸಾಕು. ನಮ್ಮ ನರಗಳ ಮೈಯಲ್ಲಿ ಕಣ್ಣಿಗೆ ಕಾಣದ ಪುಟ್ಟ ಬಾಗಿಲುಗಳಿವೆ; ಅವು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಿದುಳಿನ ಸುದ್ದಿಯನ್ನು ಮುಂದಕ್ಕೆ ದಾಟಿಸುತ್ತವೆ. ಈ ವಿಷ ಹೊಕ್ಕರೆ ಆ ಬಾಗಿಲುಗಳು ಮತ್ತೆ ಮುಚ್ಚುವುದೇ ಇಲ್ಲ. ಸುದ್ದಿಯೆಲ್ಲ ಕಲಸುಮೇಲೋಗರ, ಸ್ನಾಯು ಸೆಟೆಯುತ್ತದೆ, ಹೃದಯ ನಿಲ್ಲುತ್ತದೆ.

"ಅಂದ್ರೆ ಸ್ವಿಚ್ಚು ಆನ್ ಆಗಿ ಅಲ್ಲೇ ಅಂಟ್ಕೊಂಡ ಹಾಗೆ," ಎಂದು ಹಿರಿಯರು ಮೆಚ್ಚಿ ತಲೆದೂಗಿದ್ದರು. ಮೂವತ್ತು ವರ್ಷ ವಿದ್ಯುತ್ ಕಂಬ ಹತ್ತಿ ನಿವೃತ್ತರಾದ ಲೈನ್‌ಮನ್ ಅವರು. ಮಗಳನ್ನು ಕೇಳಿಕೊಂಡು ಬಂದಿದ್ದ ಒಬ್ಬ ಗುಮಾಸ್ತನನ್ನೂ ಒಬ್ಬ ದರ್ಜಿಯನ್ನೂ, "ಜೀವ ಪಣಕ್ಕಿಟ್ಟು ದುಡಿಯದವನು ನಮ್ಮನೆ ಅಳಿಯ ಆಗಲಾರ" ಎಂದು ಹೊಸ್ತಿಲಿನಿಂದಲೇ ಸಾಗಹಾಕಿದ್ದರು. ಇಂದು ಮೂರನೆಯವನ ಪರೀಕ್ಷೆ.

ಆದರೆ ಆ ಕಪ್ಪೆಯ ಗುಟ್ಟು ಪಾಲಕನಿಗೂ ಗೊತ್ತಿತ್ತು, ಅವನ ಹುಡುಗಿಗೂ ಗೊತ್ತಿತ್ತು. ಕಾಡಿನಲ್ಲಿ ಈ ಕಪ್ಪೆಗಳ ಮೈಗೆ ವಿಷ ಸೇರುವುದು ಅಲ್ಲಿಯ ಹುಳುಗಳನ್ನು ತಿಂದು. ಇದಾದರೋ ಗಾಜಿನೊಳಗೇ ಮೊಟ್ಟೆಯೊಡೆದು ಬಂದು, ಪಾಲಕ ಡಬ್ಬಿಯಲ್ಲಿ ಸಾಕಿದ ಹಣ್ಣುನೊಣಗಳನ್ನು ತಿಂದು ಕೊಬ್ಬಿದ ಪ್ರಾಣಿ. ಹೆಸರಿಗೆ ಮಾತ್ರ ವಿಷಕಪ್ಪೆ. "ಅಪ್ಪನ ಮುಂದೆ ಈ ಮಾತೊಂದನ್ನ ಬಾಯ್ಬಿಡಬೇಡ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದು ಬೆಳಿಗ್ಗೆ ಅವಳೇ ಪಾಠ ಹೇಳಿಕೊಟ್ಟಿದ್ದಳು. ಈಗಲೂ ಬಾಯಿಮುಚ್ಚಿ ನಿಂತರೆ ಸಾಕು. ಸ್ವಲ್ಪ ಹೊತ್ತಿಗೆ ಹಿರಿಯರು ತಾವು ಸತ್ತಿಲ್ಲವೆಂಬುದನ್ನು ತಾವೇ ಕಂಡುಕೊಳ್ಳುತ್ತಾರೆ, ಮದುವೆಯೂ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಪಾಲಕನ ಮೂಗಿಗೆ ಘಾಟೊಂದು ಬಡಿಯಿತು.

"ಸಾರ್, ಕೈಗೇನು ಹಚ್ಚಿದೀರಿ?"

"ಸಾಯೋ ಹೊತ್ತಲ್ಲಿ ಅದೆಲ್ಲ ಯಾಕಪ್ಪಾ? ಸೊಂಟಕ್ಕೆ ನೋವಿನ ಮುಲಾಮು ತಿಕ್ಕಿದ್ದೆ."

ಪಾಲಕ ಮುಂದಕ್ಕೆ ಧಾವಿಸಿದ. ಕಪ್ಪೆ ನೀರು ಕುಡಿಯುವುದೇ ಚರ್ಮದಿಂದ. ಮುಲಾಮನ್ನೂ ಹಾಗೆಯೇ ಹೀರಿಕೊಳ್ಳುತ್ತದೆ. ನೋಡುವವರು ಏನೇ ಎಂದುಕೊಳ್ಳಲಿ, ಅವನು ದಿನವೂ ಕೈಗವಸು ತೊಡುತ್ತಿದ್ದದ್ದು ತನ್ನ ಜೀವ ಉಳಿಸಿಕೊಳ್ಳಲಿಕ್ಕಲ್ಲ, ಕಪ್ಪೆಯ ಜೀವ ಉಳಿಸಲಿಕ್ಕೆ.

"ಬಿಡಿ ಸಾರ್, ನನ್ ಕೈಗೆ ಕೊಡಿ!"

"ಕೊಡಲ್ಲ! ನನ್ನ ಮಗಳನ್ನ ಕಟ್ಕೊಳ್ಳೋನು ನೀನು, ನಿನಗೇನಾದ್ರೂ ಆದ್ರೆ? ನನಗಂತೂ ಆಗ್ಲೇ ಬೆರಳೆಲ್ಲ ಚುರುಚುರು ಅಂತಿದೆ."

"ಅದು ಮುಲಾಮಿನ ಉರಿ, ಸಾರ್!"

ತಂದೆಯ ಬೆನ್ನ ಹಿಂದಿನಿಂದ ಹುಡುಗಿ, ಬೇಡ ಬೇಡ ಎಂದು ಕಣ್ಣಲ್ಲೇ ಅಂಗಲಾಚಿದಳು. ಬೆರಳುಗಳ ಸಂದಿಯಿಂದ ಹೊರಚಾಚಿದ್ದ ಹಳದಿ ಕಾಲು ಎರಡು ಸಲ ಒದೆಯಿತು. ಮೂರನೆಯ ಸಲ ಬರೀ ನಡುಗಿತು. ಪಾಲಕನಿಗೆ ತಡೆಯಲಾಗಲಿಲ್ಲ.

"ಅದಕ್ಕೆ ವಿಷ ಇಲ್ಲ! ಒಂದು ತೊಟ್ಟೂ ಇಲ್ಲ. ನೊಣ ತಿಂದು ಬೆಳೆದಿದ್ದು ಅದು. ನಾನು ನಿಮ್ಮ ಮುಂದೆ ಬುರುಡೆ ಬಿಟ್ಟೆ. ಈಗ ನಿಮ್ಮ ಕೈಯೇ ಅದಕ್ಕೆ ವಿಷ!"

"ಸಾಯೋನಿಗೆ ಸಮಾಧಾನ ಹೇಳ್ಬೇಡ ಕಣೋ."

ಪಾಲಕ ಕೈಗವಸುಗಳನ್ನು ಕಿತ್ತೆಸೆದ. ಬರಿಗೈಯನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಕಂಬ ಹಿಡಿದು ಹಿಡಿದು ಗಟ್ಟಿಯಾಗಿದ್ದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಪ್ಪೆಯನ್ನು ತನ್ನ ಅಂಗೈಗೆ ತೆಗೆದುಕೊಂಡು ನೀರು ಹನಿಸತೊಡಗಿದ. ಹಿರಿಯರು ಬಾಯಿ ತೆರೆದು ನೋಡಿದರು. ಮೂವರೂ ಆ ಪುಟ್ಟ ಗಂಟಲಿನ ಮೇಲೆ ಕಣ್ಣು ನೆಟ್ಟರು. ಗಂಟಲು ಅಲುಗಲಿಲ್ಲ. ಅಲುಗಲಿಲ್ಲ. ಆಮೇಲೆ ಮಿಡಿಯಿತು; ಮತ್ತೊಮ್ಮೆ ಮಿಡಿಯಿತು. ಕಪ್ಪೆ ಕಣ್ಣು ಪಿಳುಕಿಸಿ, ಏನೂ ನಡೆದೇ ಇಲ್ಲವೆಂಬಂತೆ ಎಲೆಯ ಮರೆಗೆ ಜಿಗಿಯಿತು.

ಹಿರಿಯರು ಮಗುಚಿಟ್ಟ ಬಕೆಟ್ಟಿನ ಮೇಲೆ ಕುಸಿದು ಕುಳಿತರು. "ಹಾಗಾದ್ರೆ ನನಗೆ ಏನೂ ಆಗಲ್ಲ?"

"ಏನೂ ಆಗಲ್ಲ ಸಾರ್."

"ಒಂಚೂರೂ?"

"ಒಂಚೂರೂ ಇಲ್ಲ."

ಬದುಕಿ ಉಳಿದದ್ದಕ್ಕೆ ಇಷ್ಟು ಮುಖ ಸಣ್ಣ ಮಾಡಿಕೊಂಡವರನ್ನು ಪಾಲಕ ಹಿಂದೆಂದೂ ಕಂಡಿರಲಿಲ್ಲ. ಅವನು ತಲೆತಗ್ಗಿಸಿದ. "ನಾನೂ ಆ ಗುಮಾಸ್ತನ ಥರಾನೇ ಸಾರ್. ಜೀವ ಪಣಕ್ಕಿಡೋ ಕೆಲಸ ಏನಿಲ್ಲ. ನೊಣ ಸಾಕ್ತೀನಿ, ಗಾಜು ಒರೆಸ್ತೀನಿ." ಹುಡುಗಿ ಗೋಡೆಯ ಕಡೆ ತಿರುಗಿಕೊಂಡಳು.

ಹಿರಿಯರು ತಮ್ಮ ಬಲಗೈಯನ್ನು ಮುಂದೆ ಮಾಡಿ, ಹಿಂದೆ ಮಾಡಿ ನೋಡಿಕೊಂಡರು. "ಇದಕ್ಕೆ ವಿಷ ಇಲ್ಲ ಅಂತ ಯಾರ್ಯಾರಿಗೆ ಗೊತ್ತು?"

"ನಮ್ಮ ಪ್ರಾಣಿವೈದ್ಯರಿಗೆ. ಮತ್ತೆ ನಮ್ಮ ಮೂರು ಜನಕ್ಕೆ."

"ಹೂಂ." ಅವರು ಎದ್ದು ಅಂಗಿಯ ಸುಕ್ಕು ಸರಿಪಡಿಸಿಕೊಂಡರು, ಗಂಟಲು ಸರಿಮಾಡಿಕೊಂಡರು. "ಸಂಜೆ ಮನೆಗೆ ಬನ್ನಿ. ಬರಿಗೈಲೇ ಹಿಡಿದುಬಿಟ್ಟೆ ಅಂತ ನಮ್ಮನೆಯವಳಿಗೆ ನಾನು ಹೇಳ್ತಿರುವಾಗ, ಹತ್ತು ಜನಕ್ಕೆ ಸಾಕಾಗೋ ವಿಷ ಅಂತ ಪಕ್ಕದಲ್ಲಿ ನಿಂತು ಹೇಳೋರು ಒಬ್ರು ಬೇಕಲ್ಲ, ಅಳಿಯಂದಿರೇ?"